ಚೆಂಡಿಗೆ ಮಣ್ಣು, ಬ್ಯಾಟಿಗೆ ಕುಂಕುಮ

ಸೆಪ್ಟೆಂಬರ್ 20, ಶನಿವಾರ. ಟಾರ್ನೀಟ್, ಮೆಲ್ಬರ್ನ್

ಮತ್ತೆ ಉಗುರಲ್ಲಿ ಮಣ್ಣು. ಬ್ರಷ್ ಹಾಕಿ ತಿಕ್ಕಿದರೂ ಹೋಗಲಿಲ್ಲ. ಸೋಮವಾರದ ಮೀಟಿಂಗ್‌ನಲ್ಲಿ ಕೈ ಮೇಜಿನ ಕೆಳಗಿಟ್ಟುಕೊಳ್ಳಬೇಕು. ಇರಲಿ. ಇಷ್ಟು ಖುಷಿಯ ಕೊಳೆ ಈ ಕೈಗೆ ಎಂದೂ ಅಂಟಿರಲಿಲ್ಲ.

ಗ್ಲೆನ್ ಇವತ್ತು ಎರಡನೇ ಪಾಠ ಹೇಳಿಕೊಟ್ಟ. ಪೆಲಿಕನ್ಸ್ ಬೇಸ್‌ಬಾಲ್ ಕ್ಲಬ್ಬಿನ ಸಾಮಾನು ನೋಡಿಕೊಳ್ಳುವ ಮುದುಕ ಈತ. ಹೊಸ ಚೆಂಡು ಜಾರುತ್ತದೆ. ಎಸೆಯುವವನಿಗೆ, ಅಂದರೆ ಪಿಚರ್‌ಗೆ, ಹಿಡಿತ ಸಿಗುವುದಿಲ್ಲ. ಹಾಗಾಗಿ ಆಟಕ್ಕೆ ಮೊದಲು ಒಂದೊಂದು ಚೆಂಡಿಗೂ ನದಿಯ ಒದ್ದೆ ಮಣ್ಣು ತಿಕ್ಕಿ ಹೊಳಪು ತೆಗೆಯಬೇಕು. ಕಪ್ಪಾಗಬಾರದು, ಕೆನೆಬಣ್ಣ ಬರಬೇಕು. ಗ್ಲೆನ್‌ನ ಬೆರಳಿಗೆ ಸಂಧಿವಾತ. ಈಗ ಆ ಕೆಲಸ ನನ್ನದು!

ದೊಡ್ಡ ಲೀಗ್ ಏನಲ್ಲ. ಆಡುವವರು ಪ್ಲಂಬರ್, ಟೀಚರ್, ಟ್ರಕ್ ಡ್ರೈವರ್. ನೋಡುವವರು ಅವರ ಹೆಂಡಿರು, ಮಕ್ಕಳು... ಮತ್ತೆ ನಾನು. ಸಂಬಳ ಇಲ್ಲ, ಒಂದು ನೀಲಿ ಟೋಪಿ ಕೊಟ್ಟಿದ್ದಾರೆ. ಬ್ಯಾಗಿನಲ್ಲಿದೆ. ಹಾಕಿಕೊಂಡಿಲ್ಲ.

ಹಾಕಿಕೊಳ್ಳುವುದು ಹೇಗೆ? ಸಿಡ್ನಿಯಲ್ಲಿದ್ದಷ್ಟು ವರ್ಷವೂ ಅಲ್ಲಿನ ಬ್ಲ್ಯಾಕ್‌ಟೌನ್ ಪೊಸಮ್ಸ್ ಟೀಮಿನ ಕಂದು ಟೋಪಿ ಹಾಕಿದ ತಲೆ ಇದು. ಮೂರನೇ ಸಾಲು, ಕಂಬದ ಪಕ್ಕ, ಗೆಳತಿ ಜಯಾ ಮತ್ತು ನಾನು. ಗಂಟಲು ಹರಿಯುವಂತೆ ಕೂಗುತ್ತಿದ್ದೆವು. ಫೆಬ್ರವರಿಯಲ್ಲಿ ನನ್ನ ಗಂಡ ವಿರೂಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು, ಗಂಟುಮೂಟೆ ಕಟ್ಟಿ ಬಂದೆವು. ರೆಂಟ್‌ನಿಂದ ಮಾರ್ಟ್‌ಗೇಜ್‌ಗೆ ಬಡ್ತಿ. ಫ್ರಿಜ್ ಬಂತು, ಸೋಫಾ ಬಂತು. ಟೀಮನ್ನು ಯಾವ ಲಾರಿಗೆ ಹಾಕಿ ತರಲಿ?

ಸೀಸನ್‌ನ ಮೊದಲ ಆಟ ಅಕ್ಟೋಬರ್ ನಾಲ್ಕಕ್ಕೆ, ಇಲ್ಲಿ. ಪೆಲಿಕನ್ಸ್ ಎದುರು ಯಾರು? ಪೊಸಮ್ಸೇ! ಮರುವಾರ ಅವರ ಮೈದಾನದಲ್ಲಿ. "ನಮ್ಮ ಟೀಮ್" ಎಂದು ಯಾರನ್ನು ಬರೆಯಲಿ, ಕೈ ಬರುತ್ತಿಲ್ಲ.

ಸೆಪ್ಟೆಂಬರ್ 24, ಬುಧವಾರ ಸಂಜೆ

ಗ್ಲೆನ್ ಧೈರ್ಯ ಮಾಡಿ ಚೆಂಡಿನ ಬಕೆಟ್ ಮನೆಗೇ ಕಳಿಸಿದ. ಐಸ್‌ಕ್ರೀಮ್ ಡಬ್ಬಿಯ ತುಂಬ ಮಣ್ಣು ಕೂಡ. "ಮೊದಲ ಆಟದ್ದು, ಲವ್. ಇನ್ನು ನಿನ್ನ ಜವಾಬ್ದಾರಿ." ಇಲ್ಲಿನ ಮುದುಕರಿಗೆ ಎಲ್ಲರೂ 'ಲವ್'ಗಳೇ. ಬಕೆಟ್ಟನ್ನು ಕಾರಿನ ಮುಂದಿನ ಸೀಟಲ್ಲಿ ಕೂರಿಸಿ ಸೀಟ್‌ಬೆಲ್ಟ್ ಹಾಕಿದೆ.

ತಿಕ್ಕುತ್ತ ಕುಳಿತಾಗ ಅತ್ತೆ ಗ್ಯಾರೇಜಿಗೆ ಬಂದರು. ಧಾರವಾಡದಿಂದ ಬಂದು ತಿಂಗಳಾಯಿತು. ಈ ಮನೆಯಲ್ಲಿ ತಮಗೆ ಮಾಡಲು ಏನೂ ಇಲ್ಲ ಎಂಬುದೇ ದಿನದ ದೂರು. ಪಾತ್ರೆಗೆ ಮಷೀನು, ಬಟ್ಟೆಗೆ ಮಷೀನು, ಎದುರುಮನೆ ಬಾಗಿಲು ಯಾವಾಗಲೂ ಮುಚ್ಚಿದ್ದೇ.

"ಏನ್ ಮಾಡಾಕತ್ತೀ ಅನಸೂಯಾ? ಹೊಸಾ ಚೆಂಡಿಗೆ ಯಾರರ ರಾಡಿ ಹಚ್ಚತಾರೇನು?"

ಹೇಳಿದೆ. ಡಬ್ಬಿಗೆ ಬೆರಳಿಟ್ಟು ಮಣ್ಣು ಉಜ್ಜಿ ನೋಡಿದರು. "ನಮ್ಮ ಎರಿಮಣ್ಣಿನಷ್ಟು ಜಿಗಟ ಇಲ್ಲ ಬಿಡು. ಇದರಾಗ ಮಣ್ಣೆತ್ತು ಮಾಡಿದ್ರ ಕೋಡು ನಿಲ್ಲಂಗಿಲ್ಲ." ಅಂದವರೇ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕುಳಿತರು. ಒಂದು ಚೆಂಡು ನನಗೆ, ಒಂದು ಅವರಿಗೆ. ಮದುವೆಯಾದಾಗಿನಿಂದ ನಾವಿಬ್ಬರೇ ಕೂತು ಇಷ್ಟು ಹರಟಿದ್ದು ನೆನಪಿಲ್ಲ. ವಿರೂ ಇಣುಕಿ, "ಏನು, ಅತ್ತಿ ಸೊಸಿ ಚಿಣಿಪಣಿ ತಯಾರಿ ಜೋರ ನಡದದ?" ಎಂದ. ಅವನಿಗೆ ಕ್ರಿಕೆಟ್ ಒಂದೇ ಆಟ. ಉಳಿದದ್ದೆಲ್ಲ ಚಿಣಿಪಣಿ, ಅಂದರೆ ಚಿನ್ನಿದಾಂಡು. ಇಬ್ಬರೂ ಸೇರಿ ಓಡಿಸಿದೆವು.

ಸೆಪ್ಟೆಂಬರ್ 27, ಶನಿವಾರ

ಫುಟ್ಬಾಲ್ ಗ್ರ್ಯಾಂಡ್ ಫೈನಲ್. ಊರಿಗೆ ಊರೇ ಟಿವಿ ಮುಂದೆ. ನಾನು ವೆರಾಂಡಾದಲ್ಲಿ ಅತ್ತೆಗೆ ಬೇಸ್‌ಬಾಲ್ ಹೇಳಿಕೊಡುತ್ತಿದ್ದೆ. ಹೂಕುಂಡಗಳೇ ಬೇಸ್. "ಓಡಿ ಓಡಿ ಹೊಳ್ಳಿ ಮನಿಗೇ ಬಂದ್ರ ಪಾಯಿಂಟಾ? ಛಲೋ ಆಟ ಅದ!"

ಜಯಾ ಫೋನ್. "ಅಕ್ಟೋಬರ್ ಹನ್ನೊಂದರ ಮ್ಯಾಚಿಗೆ ಬರ್ತೀಯ ತಾನೆ? ನಿನ್ನ ಸೀಟ್ ಮೇಲೆ ನನ್ ಬ್ಯಾಗ್ ಇಟ್ಟಿರ್ತೀನಿ. ಹಳೇ ಟೋಪಿ ಹಾಕ್ಕೊಂಡ್ ಬಾ. ನೀಲಿ ಗೀಲಿ ಕಂಡ್ರೆ ಒಳಗ್ ಬಿಡಲ್ಲ!" ನಕ್ಕೆ. ಫೋನ್ ಇಟ್ಟ ಮೇಲೆ ಕಣ್ಣು ತುಂಬಿತು. ಆ ಸೀಟು ನೆನೆದರೆ ಈಗಲೂ ಸಂಕಟ.

ಅಕ್ಟೋಬರ್ 1, ಬುಧವಾರ ಸಂಜೆ

ದೇವರೇ.

ಇವತ್ತು ನವಮಿ, ಆಯುಧಪೂಜೆ. ಬೆಳಿಗ್ಗೆ ಟ್ರೇನಿನ ಗಡಿಬಿಡಿ. "ಖಂಡೇ ಪೂಜಿ ನಾ ಮಾಡ್ತೇನಿ, ನೀ ಹೋಗು" ಎಂದರು ಅತ್ತೆ. ಕಾರು, ಲ್ಯಾಪ್‌ಟಾಪ್, ಮಿಕ್ಸಿ, ಚಾಕು... ಇಷ್ಟೇ ಎಂದುಕೊಂಡು ಹೋದೆ.

ಬಂದು ನೋಡಿದರೆ ದೇವರ ಮುಂದೆ ಚಾಪೆ. ಚಾಪೆಯ ಮೇಲೆ ಸಾಲುಸಾಲು ಚೆಂಡು. ಒಂದೊಂದಕ್ಕೂ ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ ಎಸಳು.

ಆಟದ ಚೆಂಡಿಗೆ ಈ ಮಣ್ಣು ಬಿಟ್ಟು ಬೇರೇನು ಹಚ್ಚಿದರೂ ಅದು ಮೋಸ. ಸಿಕ್ಕಿಬಿದ್ದರೆ ಎಸೆದವನನ್ನೇ ಅಂಪೈರ್ ಮೈದಾನದಿಂದ ಅಟ್ಟುತ್ತಾನೆ.

"ಹೆಂಗಾಗೇದ?" ಅತ್ತೆಯ ಮುಖ ಊರಗಲ. "ನಿನ್ನ ಆಯುಧ ಇವೇ ಅಲ್ಲೇನು? ಬರೇ ಇಟ್ರ ಹೆಂಗ? ಮುಂಜಾನಿಂದ ಇದನ್ನ ಮಾಡೇನಿ."

"ಚೆನ್ನಾಗಿದೆ ಅತ್ತೆ" ಎಂದೆ. ಆ ಮುಖಕ್ಕೆ ಬೇರೇನು ಹೇಳಲಿ?

ಅಕ್ಟೋಬರ್ 2, ಗುರುವಾರ

ರಜೆ ಹಾಕಿದೆ. ವಿರೂ ಅತ್ತೆಯನ್ನು ದೇವಸ್ಥಾನಕ್ಕೆ ಕರೆದೊಯ್ದ ಮೇಲೆ ಒದ್ದೆ ಬಟ್ಟೆ ಹಿಡಿದು ಕುಳಿತೆ. ದಸರೆಯ ದಿನ ಕುಂಕುಮ ಒರೆಸುವ ಸೊಸೆ! ಒರೆಸಿ, ಒಣಗಿಸಿ, ಮತ್ತೆ ಮಣ್ಣು ತಿಕ್ಕಿದೆ. ಕೆನೆಬಣ್ಣ ಬಂತು. ಹೊಲಿಗೆ ದಾರ ಹೇಗೂ ಕೆಂಪು. ಒಂದು ಕಲೆಯೂ ಕಾಣಲಿಲ್ಲ.

ಗ್ಲೆನ್‌ಗೆ ಮೆಸೇಜ್ ಟೈಪ್ ಮಾಡಿದೆ. ಡಿಲೀಟ್ ಮಾಡಿದೆ. ಈ ಊರಿಗೆ ಬಂದ ಮೇಲೆ ಮೊದಲ ಸಲ ಯಾರೋ ನನ್ನನ್ನು ನಂಬಿ ಕೈಗೊಂದು ಬಕೆಟ್ ಕೊಟ್ಟಿದ್ದಾರೆ. ಅದನ್ನು ಕಳೆದುಕೊಳ್ಳಲಾರೆ.

ಸಂಜೆ ಬನ್ನಿ ಎಲೆ ಎಲ್ಲಿ ಸಿಗಬೇಕು? ಅತ್ತೆ ಎದುರುಮನೆ ಬೇಲಿಯ ಎಲೆ ಕಿತ್ತು ತಂದು ಕೈಗಿಟ್ಟರು. ಬೇಲಿಯ ಯಜಮಾನನಿಗೂ ಎರಡು ಎಲೆ ಕೊಟ್ಟು ಬಂದರಂತೆ. ಅವನು ಥ್ಯಾಂಕ್ಯೂ ಎಂದನಂತೆ.

ಅಕ್ಟೋಬರ್ 4, ಶನಿವಾರ ಬೆಳಿಗ್ಗೆ

ಎದ್ದಾಗಿಂದ ಕೈಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಮೊದಲ ದಿನ! ಕತ್ತರಿಸಿದ ಹುಲ್ಲಿನ ವಾಸನೆ, ಸಾಸೇಜ್ ಹೊಗೆ, ಹೊಸ ಸುಣ್ಣದ ಗೆರೆ... ಹೋದ ವರ್ಷ ಪೆಲಿಕನ್ಸ್ ಎಲ್ಲರಿಗಿಂತ ಕೊನೆ. ಆದರೆ ಇವತ್ತು ಬೆಳಿಗ್ಗೆ ಎಲ್ಲರ ಲೆಕ್ಕವೂ ಸೊನ್ನೆ. ಯಾರೂ ಇನ್ನೂ ಸೋತಿಲ್ಲ. ವರ್ಷಕ್ಕೊಮ್ಮೆ ಬರುವ ಈ ಒಂದು ಬೆಳಗಿಗಾಗಿ ಉಳಿದ ಸೋಲನ್ನೆಲ್ಲ ಸಹಿಸಬಹುದು.

ಯಾವ ಟೋಪಿಯೂ ಬೇಡ. ಬರಿದಲೆ. ಅತ್ತೆಯೂ ಬರುತ್ತಾರೆ, ವಿರೂನೇ ಡ್ರೈವರ್. ಚುರುಮುರಿ ಕಟ್ಟಿಕೊಂಡಾಗಿದೆ.

ಅದೇ ದಿನ ಸಂಜೆ

ಬರೆದುಬಿಡುತ್ತೇನೆ.

ಮೂರನೇ ಇನ್ನಿಂಗ್ಸ್. ಪೆಲಿಕನ್ಸ್ ಪಿಚರ್ ಕೂಪರ್. ಪ್ಲಂಬರ್ ಹುಡುಗ, ಇವತ್ತು ಹುರುಪಿನಲ್ಲಿದ್ದ. ಬಿಸಿಲು, ಬೆವರು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬಿಳಿ ಪ್ಯಾಂಟಿನ ಮೇಲೆ ಕೆಂಪು ಗೀಟು. ಮತ್ತೊಮ್ಮೆ ಒರೆಸಿದ. ಮತ್ತೊಂದು ಗೀಟು.

ಹೊಲಿಗೆ. ಕುಂಕುಮ ಹೊಲಿಗೆಯೊಳಗೆ ಕೂತಿತ್ತು. ಕೆಂಪು ದಾರದಲ್ಲಿ ಕೆಂಪು ಪುಡಿ, ನನಗೆಲ್ಲಿ ಕಾಣಬೇಕು? ಬೆವರು ತಾಗಿ ಹೊರಗೆ ಬಂದಿದೆ.

ಅಂಪೈರ್ ಆಟ ನಿಲ್ಲಿಸಿದ. ಚೆಂಡು ನೋಡಿದ. ಕೂಪರ್‌ನ ಕೈ ತಿರುಗಿಸಿ ನೋಡಿದ. ಕೂಪರ್ ಬೆಪ್ಪಾಗಿ ನಿಂತ. ಪೊಸಮ್ಸ್ ಬೆಂಚಿನಿಂದ "ಚೀಟ್!" ಎಂಬ ಕೂಗು. ಅಂಪೈರ್ ಕೈ ಗೇಟಿನ ಕಡೆಗೆ ಎತ್ತುವುದರಲ್ಲಿದ್ದ.

ಓಡಿದೆ. ಗೆರೆ ದಾಟಿ ಒಳಗೇ ನುಗ್ಗಿದೆ. "ಕೂಪರ್ ತಪ್ಪಿಲ್ಲ, ನನ್ನದು, ಚೆಂಡು ನನ್ನ ಹತ್ತಿರ ಇತ್ತು..." ಇಂಗ್ಲಿಷ್ ತೊದಲಿತು. ಹಿಂದಿನಿಂದ ಇನ್ನೊಂದು ದನಿ.

"ಆಕೀದೇನೂ ತಪ್ಪಿಲ್ಲರೀ! ನಾ ಹಚ್ಚೇನಿ!"

ಅತ್ತೆ. ಒಂದು ಕೈಯಲ್ಲಿ ಸೀರೆ ನಿರಿಗೆ, ಇನ್ನೊಂದರಲ್ಲಿ ಚುರುಮುರಿ ಡಬ್ಬಿ. ಉಸಿರು ಬಿಡುತ್ತ ಅಂಪೈರ್ ಎದುರು ನಿಂತರು. ತರ್ಜುಮೆ ಮಾಡಲು ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಹಣೆ ತೋರಿಸಿದರು, ಚೆಂಡು ತೋರಿಸಿದರು, ಕೈ ಮುಗಿದರು.

ಅಂಪೈರ್ ತನ್ನ ಹೆಬ್ಬೆರಳು ನೋಡಿದ. ಅತ್ತೆಯ ಹಣೆ ನೋಡಿದ. ಮತ್ತೆ ಹೆಬ್ಬೆರಳು. "ಈ ಚೆಂಡಿಗೆ... ಆಶೀರ್ವಾದ ಮಾಡಿದ್ದಾರಾ?"

"ಎಲ್ಲ ಚೆಂಡಿಗೂ" ಎಂದೆ.

ತುಟಿ ಕಚ್ಚಿ ನಗು ತಡೆದ. "ಚೆಂಡುಗಳು ಹೊರಗೆ. ಹುಡುಗ ಒಳಗೆ. ಪ್ಲೇ!"

ಉಳಿದ ಆಟ ಪ್ರಾಕ್ಟೀಸಿನ ಹಳೆ ಚೆಂಡಿನಲ್ಲಿ. ಒಂದೇ ಪಾಯಿಂಟಿನಿಂದ ಪೆಲಿಕನ್ಸ್ ಸೋತರು. ಪೊಸಮ್ಸ್ ಗೆದ್ದರು, ನನಗೆ ಸಂತೋಷವೇ ಆಗಲಿಲ್ಲ. ಕಾರಿನಲ್ಲಿ ಅತ್ತೆ, "ಕುಂಕುಮ ತಗದ್ರು, ಸೋತ್ರು. ನನಗೇನ್ ಅಂತೀ?" ಎಂದರು. ವಿರೂ ಸ್ಟೀರಿಂಗ್ ಮೇಲೆ ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಹೊರಡುವಾಗ ಗ್ಲೆನ್ ಮಣ್ಣಿನ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದ.

ಅಕ್ಟೋಬರ್ 8, ಬುಧವಾರ

ಮೂರು ದಿನ ಏನೂ ಬರೆಯಲಿಲ್ಲ. ಉಗುರು ಸ್ವಚ್ಛವಾಗಿತ್ತು. ನೋಡಿದಾಗಲೆಲ್ಲ ಅಳು ಬರುತ್ತಿತ್ತು.

ಇವತ್ತು ಐದಕ್ಕೆ ಬೆಲ್. ಬಾಗಿಲಲ್ಲಿ ಗ್ಲೆನ್. ಹಿಂದೆ ಅವನ ಯೂಟ್, ಅಂದರೆ ಪಿಕಪ್ ಗಾಡಿ, ಅದರ ತುಂಬ ಬ್ಯಾಟುಗಳು.

"ರೂಲ್ ಬುಕ್ ಪೂರ್ತಿ ಓದಿದೆ, ಲವ್. ಚೆಂಡಿಗೆ ಏನೂ ಹಚ್ಚೋ ಹಾಗಿಲ್ಲ. ಬ್ಯಾಟಿನ ಹಿಡಿ ತುದಿಗೆ ಒಂದು ಚುಕ್ಕಿ ಇಟ್ಟರೆ ಬೇಡ ಅಂತ ಎಲ್ಲೂ ಬರೆದಿಲ್ಲ. ಹುಡುಗರು ಕೇಳ್ತಿದ್ದಾರೆ. ಕೂಪರ್ ಅಂತೂ ದಿನಾ ತಲೆ ತಿಂತಾನೆ. ನಿಮ್ಮ ಅತ್ತೆ ಇದ್ದಾರಾ?"

ಅವನು ಗಾಡಿಯ ಸೀಟಿನ ಕೆಳಗಿಂದ ಐಸ್‌ಕ್ರೀಮ್ ಡಬ್ಬಿ ತೆಗೆದು ನನ್ನ ಕೈಗಿಟ್ಟ. "ಇದು ನಿಂದೇ. ಆವತ್ತು ತೊಳೆಯೋಕೆ ಒಯ್ದೆ. ಕುಂಕುಮ ಬಿದ್ದಿತ್ತಲ್ಲ, ಹೊಸ ಮಣ್ಣು ತುಂಬಿದ್ದೀನಿ. ಮುಂದಿನ ಸಲ ಏನಾದ್ರೂ ಆದ್ರೆ ಮೊದಲು ನನಗೆ ಹೇಳು. ಅಷ್ಟೇ."

ಅತ್ತು ನಕ್ಕೆ. ಅತ್ತೆ ಆಗಲೇ ಚಾಪೆ ಹಾಸುತ್ತಿದ್ದರು. "ಒಳಗ ಬಾರಪಾ, ಚಾ ಕುಡೀ. ಇವೆಲ್ಲಾ ಸೌಕಾಶ ಆಗೂ ಕೆಲಸ." ಗ್ಲೆನ್‌ಗೆ ಒಂದಕ್ಷರ ಅರ್ಥವಾಗಲಿಲ್ಲ, ಶೂ ಬಿಚ್ಚಿ ಒಳಗೆ ಬಂದು ಕುಳಿತ. ಹೋಗುವಾಗ ಹಣೆಯಲ್ಲಿ ಕುಂಕುಮ.

ಅಕ್ಟೋಬರ್ 11, ಶನಿವಾರ. ಬ್ಲ್ಯಾಕ್‌ಟೌನ್

ಸೀಟಿನಲ್ಲೇ ಕೂತು ಬರೆಯುತ್ತಿದ್ದೇನೆ. ಮೂರನೇ ಸಾಲು, ಕಂಬದ ಪಕ್ಕ. ಎಡಕ್ಕೆ ಜಯಾ, ಬಲಕ್ಕೆ ಅತ್ತೆ. ಸೀಟಿನ ಬಿರುಕು ಕೂಡ ಅದೇ, ಸೀರೆ ಸಿಕ್ಕಿಕೊಳ್ಳುವ ಜಾಗವೂ ಅದೇ. ಎಷ್ಟು ಹಿತ! ಜಯಾ ಕಂದು ಟೋಪಿಯನ್ನು ನನ್ನ ತಲೆಗೆ ಒತ್ತಿ ಕೂರಿಸಿದ್ದಾಳೆ. ನೀಲಿ ಬ್ಯಾಗಿನಲ್ಲಿದೆ.

"ಯಾರಿಗ್ ಕೂಗ್ತೀಯ, ನಿಜ ಹೇಳು."

"ನೋಡೋಣ ಕಣೆ."

"ಏನ್ ನೋಡೋದು? ಪೊಸಮ್ ಆಗಿ ಹುಟ್ಟಿದ ಮೇಲೆ ಮುಗೀತು!"

ಕೊನೆಯ ಇನ್ನಿಂಗ್ಸ್. ಎರಡೂ ಕಡೆ ಸಮ. ಪೆಲಿಕನ್ಸ್ ಒಬ್ಬ ಮೂರನೇ ಬೇಸ್‌ನಲ್ಲಿ ಕಾಯುತ್ತಿದ್ದಾನೆ, ಮನೆಗೆ ಓಡಲು. ಬ್ಯಾಟಿಗೆ ಬಂದವನು... ಅಯ್ಯೋ, ಕೂಪರ್. ಈ ಲೀಗ್‌ನಲ್ಲಿ ಪಿಚರ್ ಕೂಡ ಬ್ಯಾಟ್ ಹಿಡಿಯಬೇಕು. ಅವನು ಎಸೆಯುವುದರಲ್ಲಿ ಹುಲಿ, ಹೊಡೆಯುವುದರಲ್ಲಿ ಸೊನ್ನೆ. ಬ್ಯಾಟಿನ ತುದಿಯ ಚುಕ್ಕಿ ಇಲ್ಲಿಗೂ ಕಾಣುತ್ತಿದೆ. ಅದನ್ನು ಹೆಬ್ಬೆರಳಲ್ಲಿ ಮುಟ್ಟಿ, ನಾವು ಕುಳಿತ ಕಡೆ ನೋಡಿದ. ಅತ್ತೆ ಕೈ ಎತ್ತಿದರು.

ಒಂದು ಎಸೆತ. ತಪ್ಪಿದ. ಸುತ್ತ ಕಂದು ಟೋಪಿಗಳ ಚಪ್ಪಾಳೆ. ಜಯಾಳದೂ.

ಇನ್ನೊಂದು. ತಪ್ಪಿದ. ಇನ್ನೊಂದು ತಪ್ಪಿದರೆ ಔಟ್. ಅಕ್ಷರ ಸೊಟ್ಟ ಆಗುತ್ತಿದೆ. ಅತ್ತೆ ಬೆಂಚಿನ ಮೇಲೆ ಹತ್ತಿ ನಿಂತಿದ್ದಾರೆ. "ಹೊಡೀಯೋ ನಮ್ಮಪ್ಪಾ!"

ನಾನೂ ನಿಂತೇ ಬರೆಯುತ್ತಿದ್ದೇನೆ. ಯಾವಾಗ ಎದ್ದೆ? ಕಂದು ಟೋಪಿ ಕೆಳಗೆ ಬಿದ್ದಿದೆ. "ಏ ದ್ರೋಹಿ!" ಜಯಾ ನಗುತ್ತಿದ್ದಾಳೆ, ಬಗ್ಗಿ ನನ್ನ ಬ್ಯಾಗಿಗೆ ಕೈ ಹಾಕಿ ನೀಲಿಯದನ್ನು ತೆಗೆದು ನನ್ನ ತಲೆ ಮೇಲೆ... ಎಸೆದರು, ಕೂಪರ್ ಬೀಸಿದ, ಟಕ್ ಅಂತು, ಚೆಂಡು ಮೇಲೆ, ಇನ್ನೂ ಮೇಲೆ, ನಮ್ಮ ಹುಡುಗ, ನಮ್ಮ ಹುಡುಗ ಹೊಡೆ—