ಬೋಟಿನ ಮೇಲಿನ ಹೆಸರು

ಭಟ್ಕಳ, ಸೋಮವಾರ

ಮಗಳು ಸುಶ್ಮಿತಾಗೆ ಅಪ್ಪನ ಆಶೀರ್ವಾದ.

ನೀನು ಡಾಕ್ಟರರ ಕೈಕೆಳಗಿನ ಸಹಾಯಕಿ, ಹೆಸರಿನ ಮುಂದೆ ‘ಡಾಕ್ಟರ್’ ಹಾಕುವಂತಿಲ್ಲ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅಂದಿನಿಂದ ನನಗೆ ಊಟ ಸೇರಲಿಲ್ಲ. ಹೊಸ ಬೋಟಿನ ಮೇಲೆ ‘ಡಾಕ್ಟರ್ ಸುಶ್ಮಿತಾ’ ಎಂದು ದೊಡ್ಡದಾಗಿ ಬರೆಸಿಬಿಟ್ಟಿದ್ದೆ. ಯಾರಾದರೂ ಅದರ ಫೋಟೋ ತೆಗೆದು ನಿನ್ನ ಮೇಲಿನವರಿಗೆ ಕಳಿಸಿ ನಿನ್ನ ಲೈಸೆನ್ಸು ಹೋದರೆ ಎಂತ ಮಾಡುವುದು? ನಿನ್ನೆ ‘ಡಾಕ್ಟರ್’ ಅನ್ನು ನಾನೇ ಕೆರೆದು ತೆಗೆದೆ.

ಜೊತೆಗಾರ ಗಣಪ, “ಎಂತ ಮಾರಾಯ, ಮಗಳ ಡಿಗ್ರಿ ವಾಪಸ್ ತಗಂಡ್ರಾ?” ಎಂದು ನಕ್ಕ.

“ಇಲ್ವೋ, ಅವಳು ಗಾಯಕ್ಕೆ ಹೊಲಿಗೆ ಹಾಕ್ತಾಳೆ, ಡಾಕ್ಟರ್ ನೋಡಿ ಸೈನ್ ಮಾಡ್ತಾರೆ” ಎಂದೆ. ಹೇಳುವಾಗ ಹೆಮ್ಮೆಯೇ ಆಯಿತು.

ಈಗ ನಿನ್ನ ಹೆಸರಷ್ಟೇ ಚಂದ ಕಾಣುತ್ತಿದೆ. ಕೆಳಗೆ ಸಣ್ಣದಾಗಿ ‘ಡಾಕ್ಟರರ ಸಹಾಯಕಿ’ ಎಂದು ಬರೆಸಲೇ? ನಿನ್ನ ಡಾಕ್ಟರರನ್ನು ಕೇಳಿ ತಿಳಿಸು. ಅವರು ಆತು ಅನ್ನುವವರೆಗೆ ನಾನು ಪೇಂಟಿನ ಡಬ್ಬಿ ತೆರೆಯುವುದಿಲ್ಲ.

ನಿನ್ನ ಅಪ್ಪ,
ದಾಸ