ವಿಧವೆ ಪಾರ್ಟಿಗೆ ಯಾರೂ ಇಲ್ಲ

೫ ಫೆಬ್ರವರಿ ೧೯೪೦, ಮಂಡ್ಯ

ರೈಲು ಲೇಟು, ಪೇಪರೂ ಲೇಟು. ಯುದ್ಧದ ಸುದ್ದಿ ಓದುವಷ್ಟರಲ್ಲಿ ಆಫೀಸಿನ ಹೊತ್ತಾಯಿತು. ಸಂಜೆ ಮತ್ತೆ ನಾಟಕ ಕ್ಲಬ್ಬಿನ ಶೆಡ್ಡು, ಪಾರ್ಟು ಹಂಚುವ ಕೆಲಸ. ಈ ಬೇಸಿಗೆಗೆ ಮೂರು ನಾಟಕ — ಹೆಂಡದ ಮೇಲೊಂದು, ಊರ ಬಾವಿಯ ಮೇಲೊಂದು, ವಿಧವೆಯ ಮೇಲೊಂದು. ಮದ್ದೂರು, ಮಂಡ್ಯ, ಮಳವಳ್ಳಿ, ಮೂರೂ ಕಡೆ ಆಡಬೇಕು.

ಕುಡುಕನ ಪಾರ್ಟಿಗೆ ಜಗಳ. ಒಬ್ಬ ಕುಡಿದೇ ಬಂದಿದ್ದ — ಅಭ್ಯಾಸಕ್ಕೆ ಎಂದ. ವಿಧವೆ ಪಾರ್ಟಿಗೆ ಯಾರೂ ಇಲ್ಲ. ಸಕ್ಕರೆ ಕಾರ್ಖಾನೆಯ ಫಿಟ್ಟರ್ ದೊಡ್ಡಸಿದ್ದಯ್ಯ ನಿನ್ನೆ ಒಪ್ಪಿದ್ದ. ಇವತ್ತು ಹೆಂಡತಿ ಸಣ್ಣತಾಯಮ್ಮ ಅವನ ಹಿಂದೆಯೇ ಬಂದಳು.

“ಸ್ವಾಮಿ, ಇವ್ನು ಮುಂಡೆ ಆದ್ರೆ ಸತ್ತೋರು ಯಾರು? ನಾನ್ ತಾನೆ? ನನ್ನ ಸಾಯ್ಸಿ ನಾಟ್ಕ ಆಡೀರಾ?”

“ಲೇ, ಬರೀ ಆಟ ಕಣೇ ಅದು.”

“ಆಟ ಆದ್ರೆ ಕುಡುಕನ್ ಪಾರ್ಟ್ ಮಾಡು. ನಿಂಗೆ ರಿಹರ್ಸಲ್ಲೇ ಬ್ಯಾಡ.”

ಶೆಡ್ಡೆಲ್ಲ ನಕ್ಕಿತು. ಕುಡುಕನ ಪಾರ್ಟು ದೊಡ್ಡಸಿದ್ದಯ್ಯನಿಗೇ ಆಯಿತು. ವಿಧವೆ ಇಲ್ಲ.

೭ ಫೆಬ್ರವರಿ

ಮದ್ದೂರಿಗೆ ಹೋಗಿ ಬಂದೆ. ಕಂಪನಿ ನಾಟಕಗಳಲ್ಲಿ ಹೆಣ್ಣು ಪಾರ್ಟು ಮಾಡುವ ಕೆಂಪಸಿದ್ದಯ್ಯನನ್ನು ಕೇಳಿದೆ. ಸೊಂಟದವರೆಗೆ ಕೂದಲು. ಎಣ್ಣೆ ಹಚ್ಚಿ ಬಿಸಿಲಿಗೆ ಕೂತಿದ್ದ.

“ತಲೆ ಬೋಳುಸ್ಬೇಕಾ? ಕೂದ್ಲೇ ನನ್ ಅನ್ನ ಸ್ವಾಮಿ. ಇದು ಹೋದ್ರೆ ಮುಂದಿನ್ ವರ್ಸ ನಂಗೆ ರಾಣಿ ಪಾರ್ಟು ಯಾರ್ ಕೊಟ್ಟಾರು?”

ಅವನ ಮಾತು ಸರಿ. ಆದರೆ ಕೂದಲು ಮುಚ್ಚಿಟ್ಟು ವಿಧವೆ ಎನ್ನುವುದು ನನಗೆ ಆಗದು. ಇದ್ದದ್ದು ಇದ್ದ ಹಾಗೆ ಇರಬೇಕು. ಅಳು, ಎದೆ ಬಡಿತ ಬೇಡ.

ಮನೆಗೆ ಬಂದರೆ ಒಳ್ಳೆಯ ಸುದ್ದಿ. ಮೈಸೂರಿನ ಹಾಸ್ಟೆಲಿನಲ್ಲಿ ಅಕ್ಕ ಸರಸೂಗೆ ಜಾಗ ಸಿಕ್ಕಿದೆ. ಜೂನಿಗೆ ಹೋಗಿ ಟ್ರೈನಿಂಗ್ ಮುಗಿಸಿದರೆ ಎರಡು ವರ್ಷದಲ್ಲಿ ಸ್ಕೂಲ್ ಮೇಡಂ ಆಗಬಹುದು. ಮೂರು ವರ್ಷ ಅಡುಗೆಮನೆಯಲ್ಲಿ ಕೂತು ಓದಿದ್ದಾಳೆ. ಅಪ್ಪ ಒಪ್ಪಿದರು. ಒಂದು ಮಾತು ಸೇರಿಸಿದರು — “ಅಲ್ಲಿಯವರೆಗೆ ಸರಸೂ ಹೆಸರು ಊರ ಬಾಯಿಗೆ ಬೀಳಕೂಡದು. ಬಿದ್ದರೆ ಮೈಸೂರೂ ಇಲ್ಲ, ಏನೂ ಇಲ್ಲ.”

ಯಾರು ಏನನ್ನುತ್ತಾರೆ? ಭಾವ ತೀರಿಕೊಂಡ ಮೇಲೆ ಎಂಟು ವರ್ಷದಿಂದ ಅವಳು ಹೊಸಿಲು ದಾಟಿಲ್ಲ.

೧೧ ಫೆಬ್ರವರಿ

ಸಿಕ್ಕ! ಸೈಕಲ್ ಶಾಪಿನ ಇಸಾಕ್. ಹತ್ತೊಂಬತ್ತು ವರ್ಷ, ಮದುವೆಯಿಲ್ಲ. ದನಿ ಮೆದು. ತಾನೇ ಬಂದು ಕೇಳಿದ.

“ಕೂದ್ಲು ತಾನೆ ಸ್ವಾಮಿ? ಬೆಳೀತದೆ ಬುಡಿ.”

ಅವನ ತಾಯಿ ಜೈನಾಬ್ ಬೀಯನ್ನು ಕೇಳದೆ ಪಾರ್ಟು ಕೊಡುವುದು ಬೇಡವೆಂದು ಅವರ ಮನೆಗೆ ಹೋದೆ. ಕಥೆ ಹೇಳಿದೆ. ಬಹಳ ಹೊತ್ತು ಅರ್ಥವಾಗಲಿಲ್ಲ ಆಕೆಗೆ.

“ನನ್ ಮೊದಲ್ನೇ ಗಂಡ ಸತ್ತ. ನಾಕು ತಿಂಗ್ಳು ಹತ್ತು ದಿನ ಮನೇಲಿ ಕುಂತೆ. ಆಮೇಲೆ ಇವನ ಅಪ್ಪನ್ನ ಮಾಡ್ಕೊಂಡೆ. ಇದ್ಕೆ ನಾಟ್ಕ ಯಾಕೆ ಸಾಮಿ?”

ಚಹಾ ಕುಡಿದು ಬಂದೆ.

೧೮ ಫೆಬ್ರವರಿ

ಶೆಡ್ಡಿನಲ್ಲಿ ಬಾವಿ ನಾಟಕದ ಗಲಾಟೆ. ಇಸಾಕನನ್ನು ನಮ್ಮ ಹಿತ್ತಲಿಗೇ ಕರೆದೆ, ಅಪ್ಪ ಪುರಾಣ ಕೇಳಲು ಹೋಗುವ ಹೊತ್ತಿಗೆ. ತಲೆ ಬೋಳಿಸಿ ಬಂದಿದ್ದ. ಮಡಿಹೆಂಗಸರ ಕೆಂಪು ಸೀರೆ ಉಟ್ಟು ಸೆರಗು ಎಳೆದ. ಏನೋ ಸರಿಯಿಲ್ಲ. ನನಗೆ ಹೇಳಲು ಬಾರದು.

ಹಿತ್ತಲ ಬಾಗಿಲ ಹಿಂದೆ ನಗು. ಅಕ್ಕ.

“ಅದೇನೋ ಅದು, ಬುರ್ಖಾ ಎಳೆದ ಹಾಗೆ!”

ಇಸಾಕ್ ನಾಚಿದ. “ಮತ್ತೆಂಗಕ್ಕ?”

“ತಲೆ ಬಗ್ಗಿಸು. ನಿಲ್ಲುತ್ತಾ ಸೆರಗು? ಜಾರಿತಲ್ಲ? ಹಿಡಿದುಕೊಳ್ಳೋಕೆ ಕೂದಲಿಲ್ಲ ಅದಕ್ಕೆ. ಕೈ ತಾನಾಗೇ ಮೇಲೆ ಹೋಗ್ತಾ ಇರಬೇಕು. ಮಾತಾಡೋವಾಗ, ರುಬ್ಬೋವಾಗ, ಯಾರೋ ಬಂದರು ಅಂದಾಗ.”

ಒಂದೇ ಮನೆಯಲ್ಲಿ ಎಂಟು ವರ್ಷ. ನಾನು ಇದನ್ನು ನೋಡಿರಲಿಲ್ಲ.

೨೫ ಫೆಬ್ರವರಿ

ದಿನಾ ಪಾಠ. ಅಕ್ಕ ಬಾಗಿಲ ಆ ಕಡೆ, ಇಸಾಕ್ ಈ ಕಡೆ, ಕಲ್ಲಿನ ಮೇಲೆ. ನಾನು ಪ್ರಾಂಪ್ಟರ್. ಕದದ ಹಿಂದೆ ಹೇಗೆ ನಿಲ್ಲುವುದು, ನಗು ಬಂದರೆ ಸೆರಗಿನ ತುದಿ ಕಚ್ಚುವುದು, ಬೈಸಿಕೊಂಡಾಗ “ಆಯ್ತು, ಆಯ್ತು” ಎಂದು ಎರಡು ಸಲ ಹೇಳುವುದು… ಅವನು ಒಂದೂ ಬಿಡದೆ ಹಿಡಿಯುತ್ತಾನೆ.

“ಇವೆಲ್ಲ ನಿನ್ನ ಅಭ್ಯಾಸ ಅಕ್ಕ. ಎಲ್ಲ ವಿಧವೆಯರದ್ದಲ್ಲ” ಎಂದೆ.

“ಇರಲಿ ಬಿಡೋ. ಯಾರೋ ಒಬ್ಬಳದಾಗಿರಬೇಕಲ್ಲ.”

ಇದ್ದದ್ದು ಇದ್ದ ಹಾಗೆ — ನನ್ನದೇ ಮಾತು. ಅವಳು ಇಷ್ಟು ಮಾತಾಡಿದ್ದು ಕೇಳಿ ಬಹಳ ವರ್ಷವಾಗಿತ್ತು.

೨೪ ಮಾರ್ಚ್

ಮದ್ದೂರಿನಲ್ಲಿ ನಿನ್ನೆ ಆಟ. ವಿಧವೆ ಕದದ ಹಿಂದೆ ನಿಂತು ಅತ್ತಿಗೆಯ ಬಳೆ ಸದ್ದು ಕೇಳುವ ಸೀನು. ಇಸಾಕ್ ಅಳಲಿಲ್ಲ. ಕೈ ಸೆರಗಿಗೆ ಹೋಯಿತು, ಅಷ್ಟೆ. ಗ್ಯಾಸ್‌ಲೈಟಿನ ಸುಯ್ಯೆನ್ನುವ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಕೆಂಪಸಿದ್ದಯ್ಯನೂ ಬಂದಿದ್ದ. ಎದ್ದು ಹೋಗುವಾಗ ನನ್ನ ಭುಜ ಮುಟ್ಟಿದ.

ಪೇಪರಿಗೆ ವರದಿ ಕಳಿಸಿದೆ.

೨೮ ಮಾರ್ಚ್

ವರದಿ ಅಚ್ಚಾಗಿದೆ. ಅಕ್ಕ ಎರಡು ಸಲ ಓದಿದಳು.

“ಇಸಾಕನ ಹೆಸರಿದೆ. ಗುರುಗಳ ಹೆಸರೇ ಹಾಕಿಲ್ಲವಲ್ಲೋ!”

ಸೆರಗು ಕಚ್ಚಿ ನಕ್ಕಳು. ಮೈಸೂರಿಗೆ ಒಯ್ಯಲು ಎಂದು ಆ ಹಾಳೆಯನ್ನು ಟ್ರಂಕಿನಲ್ಲಿ ಇಟ್ಟುಕೊಂಡಳು.

೬ ಏಪ್ರಿಲ್

ಮಂಡ್ಯದ ಆಟ. ಜನ ಕಿಕ್ಕಿರಿದಿದ್ದರು. ಅದೇ ಸೀನು. ಇಸಾಕನ ಕೈ ಮೇಲೆ ಹೋಯಿತು. “ಆಯ್ತು, ಆಯ್ತು” ಎಂದ. ಹೆಂಗಸರ ಕಡೆಯಿಂದ ಒಂದು ದನಿ —

“ಅಯ್ಯೋ, ಸರಸಮ್ಮ ಕಣೇ! ಅವಳೇ!”

ಆಮೇಲೆ ಗುಸುಗುಸು. ಚಾಪೆಯಿಂದ ಚಾಪೆಗೆ ಹೋಗುವುದು ಕಂಡಿತು. ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ಮುಂದಿನ ಮಾತು ಹೇಳಿಕೊಡುವುದು ಮರೆತೆ.

ಮದ್ದೂರಿನಲ್ಲಿ ಅವಳನ್ನು ಯಾರೂ ನೋಡಿರಲಿಲ್ಲ. ಇಲ್ಲಿ ಬಾವಿಕಟ್ಟೆಯ ಹೆಂಗಸರೆಲ್ಲ ನಮ್ಮ ಹಿತ್ತಲಿಗೆ ಬಂದು ಅಕ್ಕನನ್ನು ನೋಡಿದವರು. ಇಷ್ಟು ಸಣ್ಣ ಸಂಗತಿ. ನನಗೆ ಹೊಳೆಯಲಿಲ್ಲ.

೭ ಏಪ್ರಿಲ್

ದೇವಸ್ಥಾನದಲ್ಲಿ ಅಪ್ಪನನ್ನು ಯಾರೋ ಕೇಳಿದರಂತೆ — “ಸಾಬರ ಹುಡುಗನಿಗೆ ನಿಮ್ಮ ಮಗಳು ಎಷ್ಟು ದಿನ ಪಾಠ ಹೇಳಿದಳು ಸ್ವಾಮಿ?”

ಮನೆಗೆ ಬಂದು ಕೂಗಾಡಲಿಲ್ಲ. ಕಾಲು ತೊಳೆದು ಕೂತರು. ಮಗಳನ್ನು ಕಳಿಸುವುದಿಲ್ಲವೆಂದು ಮೈಸೂರಿಗೆ ಒಂದು ಕಾರ್ಡು ಬರೆದರು. ನಾನೇ ಹೇಳಿದ್ದು, ನಾನೇ ಕರೆದದ್ದು, ಅವಳದೇನೂ ಇಲ್ಲ ಎಂದೆ.

“ಗೊತ್ತು. ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಅದೇ ತೊಂದರೆ.”

ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

೨೧ ಏಪ್ರಿಲ್

ಅಕ್ಕ ಹೋದಳು. ಕಿರುಗಾವಲಿಗೆ, ಸೋದರತ್ತೆ ಮಂಗಳಮ್ಮನ ಮನೆಗೆ. ಅಲ್ಲಿ ಹತ್ತು ಜನಕ್ಕೆ ಅಡುಗೆ. ಮೈಸೂರಿನವರಿಗೆ ನಾನೇ ಬರೆದಿದ್ದೆ. ತಂದೆಯ ಒಪ್ಪಿಗೆ ಇಲ್ಲದೆ ಆಗದಂತೆ, ಜಾಗ ಬೇರೆಯವರಿಗೆ ಕೊಟ್ಟಾಗಿದೆಯಂತೆ. ನೇರವಾದ ಉತ್ತರ. ತಪ್ಪು ಹುಡುಕಲು ಬರುವುದಿಲ್ಲ.

ಟ್ರಂಕನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ.

೫ ಮೇ, ಮಳವಳ್ಳಿ

ಆಟ ನಿಲ್ಲಿಸೋಣ ಎಂದೆ. ಟಿಕೆಟು ಮಾರಿಯಾಗಿದೆ ಎಂದರು ಕ್ಲಬ್ಬಿನವರು. ಆಡಿದರು.

ಇಸಾಕ್ ಹಾಳುಮಾಡಿದ. ಎದೆ ಬಡಿದುಕೊಂಡ. ನೆಲಕ್ಕೆ ಬಿದ್ದು ಹೊರಳಾಡಿದ. ಕೀರಲು ದನಿಯಲ್ಲಿ ದೇವರನ್ನು ಕರೆದ. ಹಿಂದಿನ ಸಾಲಿನಿಂದ ಶಿಳ್ಳೆ. “ಏಳಮ್ಮೋ, ಸೀರೆ ಕೊಳೆಯಾಯ್ತದೆ!” ಜನ ನಕ್ಕರು.

ಬಣ್ಣ ಒರೆಸುತ್ತಾ ಕೂತಿದ್ದವನನ್ನು ಕೇಳಿದೆ.

“ಬೇಕಂತ್ಲೇ ಮಾಡ್ದೆ ಸ್ವಾಮಿ. ಕೈ ಮೇಲಕ್ಕೋಯ್ತಿತ್ತು, ಹಿಡ್ಕಂಡೆ. ಅಕ್ಕನ್ನ ಇನ್ನೊಂದೂರ್ಗೆ ತೋರುಸ್ಬಾರ್ದು ಅಂತ.”

ಅತ್ತ. ರಂಗದ ಮೇಲಿನ ಅಳು ಅಲ್ಲ ಅದು.

೬ ಮೇ, ಮಧ್ಯಾಹ್ನ, ಕಿರುಗಾವಲು

ಬೆಳಗಿನ ಬಸ್ಸಿಗೆ ಬಂದೆ. ಅಕ್ಕ ಬಡವಾಗಿದ್ದಾಳೆ. ಅತ್ತೆ ಮಲಗುವವರೆಗೆ ಕಾದು ಹಿತ್ತಲಿಗೆ ಬಂದಳು. ಅಪ್ಪನ ಬಗ್ಗೆ ಕೇಳಲಿಲ್ಲ. ಮೈಸೂರಿನ ಮಾತೆತ್ತಲಿಲ್ಲ.

“ಮಳವಳ್ಳಿಯಲ್ಲಿ ಹೇಗಾಯ್ತೋ? ಇಸಾಕ್ ಚೆನ್ನಾಗಿ ಮಾಡಿದನಾ?”

ಅವಳಿಗೆ ಸಮಾಧಾನವಾಗಲಿ ಎಂದು ಎಲ್ಲ ಹೇಳಿದೆ. ನಿನ್ನ ಗುರುತು ಒಂದೂ ಇರಲಿಲ್ಲ ಅಕ್ಕ, ಬೇರೆಯೇ ಮಾಡಿಬಿಟ್ಟ, ಯಾರೂ ಏನೂ ಅನ್ನುವ ಹಾಗಿಲ್ಲ ಎಂದೆ.

“ಒಂದೂ ಮಾಡಲಿಲ್ಲವಾ?”

“ಇಲ್ಲ.”

ಸೆರಗು ಸರಿಮಾಡಿಕೊಂಡಳು.

“ಇಷ್ಟು ಹತ್ತಿರದಲ್ಲಿ ಆಡ್ತಾರೆ ಅಂತ ಗೊತ್ತಿತ್ತು ಕಣೋ. ನಿನ್ನೆ ಇಲ್ಲಿ ಪಾತ್ರೆ ಬೆಳಗ್ತಾ ಕೂತಿದ್ದೆ. ಈಗ ಆ ಸೀನು ಬಂದಿರುತ್ತೆ, ಈಗ ಅಷ್ಟು ಜನರ ಮುಂದೆ ನನ್ನ ಹಾಗೇ ನಿಂತಿರ್ತಾನೆ ಅಂತ…” ನನ್ನ ಕಡೆ ತಿರುಗಿದಳು. “ಯಾಕೋ ಅದನ್ನೆಲ್ಲ ಬಿಡಿಸಿದಿರಿ? ನಾನು ಕೇಳಿದೆನಾ?”

ಒಳಗಿನಿಂದ ಅತ್ತೆ ಕರೆದರು. ಹೋದಳು.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬಸ್ಸಿಗೆ ಇನ್ನೂ ಹೊತ್ತಿದೆ. ಇಸಾಕನಿಗೆ ಇದನ್ನು ಹೇಳಬೇಕು. ಹೇಳಿದರೆ ಅವನು ಮತ್ತೆ ಅಳುತ್ತಾನೆ. ಹೇಳದಿದ್ದರೆ ಅಕ್ಕ ಕೇಳಿದ್ದು ಈ ಹಿತ್ತಲಲ್ಲೇ ಉಳಿಯುತ್ತದೆ.