ಹಾಜರಿಯಲ್ಲಿ ನಿನ್ನ ಹೆಸರು

ಅಕ್ಕ ಸಣ್ಣತಾಯಿಗೆ,

ಮಂಜರಾಬಾದು ಸೀಮೆಯ ಬಿಳೀ ದೊರೆ ನನ್ನನ್ನು ಕಂಡದ್ದೇ ಕುದುರೆ ಇಳಿದು, ಟೋಪಿ ತೆಗೆದು ದಾರಿ ಬಿಟ್ಟ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಇಂಥ ಮರ್ಯಾದೆ ಕಂಡ ಗಂಡಸು ಇನ್ನೊಬ್ಬನಿಲ್ಲ. ನೀನಿದ್ದಿದ್ದರೆ, "ತೂ, ಸುಳ್ಳು ಬೊಗಳಬ್ಯಾಡ ಕಣ್ಲಾ ಕೆಂಚ" ಅನ್ನುತ್ತಿದ್ದೆ. ಇರಲಿ. ಈಗ ಬರೆಯುವುದು ಸುಳ್ಳಲ್ಲ.

ಕಾಫಿ ತೋಟದಲ್ಲಿ ಚಳಿಜ್ವರಕ್ಕೆ ನೀನು ಹೋದೆಯೆಂದು ಹಣ್ಣು ಬಿಡಿಸಲು ಹೋಗಿದ್ದವರು ಬಂದು ಹೇಳಿದ ದಿನ, ಹೇಮಾವತಿಯಲ್ಲಿ ಮುಳುಗೆದ್ದೆ. ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿಸಿದೆ. ಅದಾಗಿ ಎರಡು ವರ್ಷ. ತಾಯಿಯಿಲ್ಲದ ನಿನ್ನ ಮಗಳು ಗೌರಿಯನ್ನು ಸೋದರಮಾವನಲ್ಲದೆ ಇನ್ಯಾರು ಕರೆತರಬೇಕು? ಈ ಸಲದ ಹಣ್ಣಿನ ಕಾಲಕ್ಕೆ ನಾನೇ ಹೊರಟೆ.

ತೋಟ ತಲುಪಿದ ಬೆಳಿಗ್ಗೆ ಮಂಜಿನಲ್ಲಿ ತಲೆ ಮುಖ ಮುಚ್ಚುವಂತೆ ಕಂಬಳಿ ಗೊಪ್ಪೆ ಹಾಕಿದ ಆಳುಗಳು ಸಾಲಾಗಿ ನಿಂತಿದ್ದರು. ತೋಟದ ಲೆಕ್ಕ ಬರೆಯುವ ರೈಟರು ಹಾಜರಿ ಕೂಗುತ್ತಿದ್ದ.

"ಸಣ್ಣತಾಯಿ!"

ಸತ್ತವಳನ್ನು ಯಾಕೆ ಕರೆಯುತ್ತಾನೆ?

"ಇವ್ನಿ ಸಾ."

ನಿನ್ನದೇ ಗಂಟಲು, ಅಕ್ಕಾ! ಗೊಪ್ಪೆಯ ಒಳಗಿದ್ದದ್ದು ಗೌರಿ. ಅಲ್ಲೇ ಕೂತುಬಿಟ್ಟೆ. ನಾನು ಇಟ್ಟ ಪಿಂಡವೇನಾಯಿತು? ಹಾಗಾದರೆ ನೀನು...

ಸಂಜೆ ತೋಟದವರು ಆಳುಗಳಿಗೆ ಕೊಟ್ಟ ಲೈನ್ ಮನೆಯಲ್ಲಿ ಕೂಗಾಡಿದೆ. "ಸತ್ತೋದ ಅವ್ವನ ಹೆಸ್ರಿಗೆ ಓಗೊಡ್ತೀಯಲ್ಲೇ, ಭಯ ಆಗಕಿಲ್ವಾ?"

"ಮೆಲ್ಲುಕೆ ಮಾವ. ಅವ್ವ ಓದಾಗ ಈ ರೈಟ್ರು ಹೊಸಬ್ರು, ಮೊಕ ಗೊತ್ತಿರ್ನಿಲ್ಲ. ಅಪ್ಪ ಕಾಯಿಲೆ ಬಿದ್ದು ಮಲಗಿದ್ಕೆ ಆಗ್ಲೇ ಅವ್ನ ಹೆಸ್ರು ಒಡ್ದಾಕಿದ್ರು. ನಾನು ಚಿಕ್ಕೋಳು, ಲೆಕ್ಕಕ್ಕೆ ಅರೆ ಆಳು. ಅರೆ ಆಳಿಗೆ ಮನೆ ಕೊಡಾಕಿಲ್ಲ. ಅವ್ವನ ಹೆಸ್ರೂ ಓದ್ರೆ ಅಪ್ಪನ್ನ ಎತ್ಕೊಂಡು ಎಲ್ಲಿಗೋಗ್ಲಿ?"

"ಗಾಡಿ ತತ್ತೀನಿ. ಊರಿಗ್ ನಡೀರಿ."

ಅವಳು ಮೂಲೆ ತೋರಿಸಿದಳು. ಭಾವ ಅಲ್ಲಿ ಚಾಪೆಗೆ ಅಂಟಿಕೊಂಡಿದ್ದ. "ಗಾಡಿ ಕುಲುಕಾಟಕ್ಕೆ ಉಳಿಯಾಕಿಲ್ಲ ಮಾವ."

"ಅಂಗಾರೆ ಗೌರಿ ಅಂತ ನಿನ್ನ ಕರ್ಯೋರ್ಯಾರೇ?"

"ಇವತ್ತು ನೀನು ಕರ್ದಲ್ಲ," ಎಂದು ನಕ್ಕಳು. ಆ ನಗು ನೋಡಬಾರದಾಗಿತ್ತು ಅಕ್ಕಾ.

ಮಾರನೆಯ ಬೆಳಿಗ್ಗೆ ಭಾವನಿಗೆ ಜ್ವರ ಏರಿತು. "ನೀನೋಗಿ ನಿಂತಿರು ಮಾವ, ಬಂದೆ," ಎಂದಳು. ಗೊಪ್ಪೆ ಹಾಕಿಕೊಂಡು ಹೋಗಿ ಅವಳ ಜಾಗದಲ್ಲಿ ನಿಂತೆ. ರೈಟರು ನಿನ್ನ ಹೆಸರು ಕೂಗಿದ. ಗೌರಿ ಬಂದಿರಲಿಲ್ಲ. ಎರಡನೇ ಸಲ ಕೂಗಿದ. ಸಾಲಿನ ಹೆಂಗಸರು ನೆಲ ನೋಡುತ್ತಿದ್ದರು. ಮೂರನೇ ಸಲಕ್ಕೂ ಯಾರೂ ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾನೆ. ಊರ ನಾಟಕದಲ್ಲಿ ನಾನು ಹೆಣ್ಣು ವೇಷ ಹಾಕಿದರೆ ನೀನು ಬಿದ್ದುಬಿದ್ದು ನಗುತ್ತಿದ್ದೆಯಲ್ಲ? ಗೊಪ್ಪೆಯನ್ನು ಮೀಸೆ ಮುಚ್ಚುವ ತನಕ ಎಳಕೊಂಡು, "ಇವ್ನಿ ಸಾ," ಎಂದೆ.

"ಏನಮ್ಮ, ಗಂಟ್ಲು ಹಿಂಗೆ?"

"ಸೀತ ಆಗೈತೆ ಸಾ."

ಪಕ್ಕದ ಮುದುಕಿ ನಗು ತಡೆಯಲು ಸೆರಗು ಕಚ್ಚಿಕೊಂಡಳು. ರೈಟರು ಮುಂದಿನ ಹೆಸರಿಗೆ ಹೋದ. ಅಷ್ಟರಲ್ಲಿ ಗೌರಿ ಏದುಸಿರು ಬಿಡುತ್ತ ಬಂದು ನನ್ನ ಜಾಗದಲ್ಲಿ ನಿಂತಳು. ನಿನ್ನನ್ನು ಬದುಕಿಸಿದೆನೋ, ಇನ್ನೊಮ್ಮೆ ಸಾಯಿಸಿದೆನೋ?

ಒಬ್ಬನೇ ಹಿಂದಿರುಗಿದಾಗ ಊರೆಲ್ಲ ಕೇಳಿತು, ಹುಡುಗಿ ಎಲ್ಲಿ? ನಿಜ ಹೇಳಿದರೆ, ಆಳು ಹುಡುಕಿಕೊಂಡು ನಮ್ಮೂರಿಗೇ ಬರುವ ತೋಟದ ಮೇಸ್ತ್ರಿಯ ಕಿವಿಗೆ ಬೀಳುತ್ತದೆ, ಹಾಜರಿಯಿಂದ ನಿನ್ನ ಹೆಸರು ಹೋಗುತ್ತದೆ. ಅದಕ್ಕೇ, ಅವಳ ಮುಂಗಡದ ಸಾಲ ತೀರಿಸಿ ಬಿಡಿಸಿಕೊಂಡು ಬರಲು ಒಯ್ದಿದ್ದ ಐನೂರು ರೂಪಾಯಿಯನ್ನು ಸಕಲೇಶಪುರದಲ್ಲಿ ಇಸ್ಪೀಟಾಡಿ ಕಳೆದೆ ಎಂದೆ. ನಿನ್ನ ನಾದಿನಿ, ನನ್ನ ಮನೆಯವಳು, ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕಟ್ಟೆಯ ಮೇಲೆ ಕೂತವರು ಉಗಿಯುತ್ತಾರೆ. ಉಗಿಯಲಿ. ಭಾವನ ಔಷಧಿಗೆಂದು ಗೌರಿಯ ಸೆರಗಿಗೆ ಕಟ್ಟಿ ಬಂದದ್ದು ಹದಿನಾಲ್ಕು ರೂಪಾಯಿ. ಐನೂರು ಎಲ್ಲಿತ್ತು? ನನ್ನ ಹತ್ತಿರ ಇದ್ದದ್ದೇ ಅಷ್ಟು, ಅಕ್ಕಾ.